ಅಂತಸ್ತು ಎಷ್ಟು, ಮೆಟ್ಟಿಲು ಎಲ್ಲಿ?

ಸಕಲೇಶಪುರದ ಕಡೆಯ ತೋಟದ ಮನೆತನದ ಹುಡುಗನೊಬ್ಬ ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವನು ಬೆಂಗಳೂರಿನಲ್ಲಿ ಕಟ್ಟಡ ವಿನ್ಯಾಸ ಓದುತ್ತಿದ್ದಾನೆ, ಕೊನೆಯ ವರ್ಷ. ಕಾಫಿ ಕುಯ್ಲಿನ ಕಾಲದಲ್ಲಿ ಊರಿಗೆ ಬಂದವನು ನನ್ನನ್ನು ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದ. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆ ಅದು. ಮೆಟ್ಟಿಲು ಹತ್ತಿ ಮೇಲೆ ಕೂತ ಮೇಲೆ ಕೊಳವೆಯಿಂದ ಒಂದು ದೊಡ್ಡ ನಕ್ಷೆ ಹೊರಗೆ ತೆಗೆದು ಬಿಡಿಸಿದ.

ಅರವತ್ತು ಅಂತಸ್ತಿನ ಕಟ್ಟಡ. ಬುಡದಲ್ಲಿ ಅಂಗಡಿ, ಸಂತೆ. ಅದರ ಮೇಲೆ ಕಚೇರಿಗಳು. ಅದರ ಮೇಲೆ ಶಾಲೆ, ಆಸ್ಪತ್ರೆ. ಅದರ ಮೇಲೆ ಮನೆಗಳು. ಹತ್ತು ಅಂತಸ್ತಿಗೊಂದು ತೋಟ. ನೆತ್ತಿಯ ಮೇಲೆ ಬಿಸಿಲಿನಿಂದ ಕರೆಂಟು ತೆಗೆಯುವ ಹಲಗೆ. ಬಿದ್ದ ಮಳೆಯೆಲ್ಲ ತೊಟ್ಟಿಗೆ, ಬಚ್ಚಲ ನೀರೆಲ್ಲ ಶುದ್ಧವಾಗಿ ಮತ್ತೆ ಗಿಡಕ್ಕೆ, ಕಕ್ಕಸಿಗೆ. ಮನೆ, ಕೆಲಸ, ಅಂಗಡಿ, ಆಟ ಎಲ್ಲಾ ಒಂದೇ ಕಡೆ ಇರೋದರಿಂದ ಕಾರು ಬೇಡ, ಪೆಟ್ರೋಲು ಬೇಡ. ಊರು ಅಡ್ಡಕ್ಕೆ ಹರಡಿ ಗದ್ದೆ ಕಾಡು ತಿನ್ನೋ ಬದಲು ಮೇಲಕ್ಕೆ ಬೆಳೆಯುತ್ತೆ ಅಂದ. "ಇದು ಕಟ್ಟಡ ಅಲ್ಲ ಮಾರಾಯ, ಎದ್ದು ನಿಂತ ಊರು. ನೀನು ಕವಿ, ಇದಕ್ಕೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡು."

ನಾನು ತುಂಬಾ ಹೊತ್ತು ನೋಡಿದೆ. ಚೆಂದ ಇತ್ತು. ಸುಳ್ಳು ಹೇಳಬಾರದು, ನಿಜವಾಗಿ ಚೆಂದ ಇತ್ತು. ಆಮೇಲೆ ಕೇಳಿದೆ: "ಇದನ್ನ ಗುಡಿಸೋನ ಮನೆ ಎಷ್ಟನೇ ಅಂತಸ್ತು?"

ಅವನು ನಕ್ಷೆ ನೋಡಿದ, ನನ್ನ ನೋಡಿದ. "ಅವರು ಹೊರಗಿಂದ ಬರ್ತಾರೆ" ಅಂದ.

ಹೊರಗೆ. ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಅವ್ವ ಬಂಗಲೆಗೆ ಹೋದರೆ ಹೊರಗೆ ನಿಲ್ಲಬೇಕು. ಅಪ್ಪನ ಕಾಫಿ ಲೋಟ ಹೊರಗೆ ಗೋಡೆ ಸಂದಿಯಲ್ಲಿ. ಕೇರಿ ಊರಿನ ಹೊರಗೆ. ನನ್ನ ಗೆಳೆಯ ಕೆಟ್ಟವನಲ್ಲ, ನನ್ನ ಮನೆಯಲ್ಲಿ ಕೂತು ಉಂಡವನು. ಕಷ್ಟ ಇರೋದು ಅಲ್ಲೇ. ಕೆಟ್ಟವನಾಗದೆಯೇ, ಸೀಸದ ಕಡ್ಡಿ ಹಿಡಿದ ಕೈ ತನಗೇ ಗೊತ್ತಿಲ್ಲದೆ ಹಳೆ ಊರನ್ನೇ ಮತ್ತೆ ಬರೆದುಬಿಟ್ಟಿತು. ಅಡ್ಡಕ್ಕಿದ್ದ ಊರು ಉದ್ದಕ್ಕೆ ನಿಂತಿತು, ಅಷ್ಟೇ. ಕೇರಿ ಮಾತ್ರ ನಕ್ಷೆಯ ಅಂಚಿನಾಚೆ ಉಳಿಯಿತು.

ಒಂದು ಕಟ್ಟಡ ಒಳ್ಳೆಯದು ಅಂತ ಯಾವಾಗ ಹೇಳಬೇಕು? ಕಡಿಮೆ ನೀರು ಕುಡಿದರೆ, ಕಡಿಮೆ ಕರೆಂಟು ಸುಟ್ಟರೆ ಸಾಕೇ? ಅಥವಾ ಅದರೊಳಗೆ ಮನುಷ್ಯ ಮನುಷ್ಯನನ್ನು ಹೇಗೆ ಇಟ್ಟಿದ್ದಾನೆ ಅನ್ನೋದನ್ನೂ ಲೆಕ್ಕ ಹಾಕಬೇಕೇ? ಇದು ಇಂಜಿನಿಯರುಗಳಿಗೆ ಬಿಟ್ಟ ಪ್ರಶ್ನೆ ಅಂತ ನಮ್ಮವರು ಸುಮ್ಮನಿರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. ಕಟ್ಟಡದ ಮಹಡಿಗೂ ಅಂತಸ್ತು ಅನ್ನುತ್ತೇವೆ, ಮನುಷ್ಯನ ಸ್ಥಾನಮಾನಕ್ಕೂ ಅಂತಸ್ತು ಅನ್ನುತ್ತೇವೆ. "ಅವರ ಅಂತಸ್ತೇನು, ನಮ್ಮ ಅಂತಸ್ತೇನು" ಅಂತ ಹೆಣ್ಣು ಕೊಡುವಾಗ ಕೇಳುವ ಮಾತಿನಲ್ಲಿ ಇಟ್ಟಿಗೆ ಗಾರೆ ಇಲ್ಲ. ಆದರೂ ಅದು ಯಾವ ಕಾಂಕ್ರೀಟಿಗಿಂತಲೂ ಗಟ್ಟಿ. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಅದರ ಮೊದಲ ಸಂಚಿಕೆಯಲ್ಲೇ ಹಿಂದೂ ಸಮಾಜವನ್ನು ಅವರು ಒಂದು ಬಹುಮಹಡಿ ಗೋಪುರಕ್ಕೆ ಹೋಲಿಸಿದರು. ಒಂದೊಂದು ಜಾತಿಗೆ ಒಂದೊಂದು ಮಹಡಿ. ಮಹಡಿಯಿಂದ ಮಹಡಿಗೆ ಮೆಟ್ಟಿಲಿಲ್ಲ. ಹುಟ್ಟಿದ ಮಹಡಿಯಲ್ಲೇ ಸಾಯಬೇಕು. ಆಗ ಈ ದೇಶದಲ್ಲಿ ಇಪ್ಪತ್ತು ಮಹಡಿಯ ಒಂದು ಕಟ್ಟಡವೂ ಇರಲಿಲ್ಲ. ಆದರೆ ಆ ಗೋಪುರ ಎಲ್ಲ ಊರಿನಲ್ಲೂ ನಿಂತಿತ್ತು.

ನಾನು ಹುಟ್ಟಿದ ಮಹಡಿ ಆಲೂರು ಗಡಿಯ ಒಂದು ಕಾಫಿ ತೋಟದ ಲೈನು. ಒಂದೇ ಸೂರು, ಹತ್ತು ಬಾಗಿಲು, ಒಂದು ನಲ್ಲಿ. ಗುಡ್ಡದ ನೆತ್ತಿಯಲ್ಲಿ ಬಂಗಲೆ. ಅದರ ಕೆಳಗೆ ಕಾಫಿ ಒಣಗಿಸುವ ಕಣ. ಕಣದ ಪಕ್ಕ ರೈಟರ ಮನೆ. ಅದರ ಕೆಳಗೆ ಮೇಸ್ತ್ರಿ ಮನೆ. ಎಲ್ಲಕ್ಕಿಂತ ಕೆಳಗೆ, ಹಳ್ಳದ ಮಗ್ಗುಲಿಗೆ ನಮ್ಮ ಲೈನು. ಹಣ್ಣು ಪಲ್ಪು ಮಾಡಿದ ಕೊಳೆ ನೀರು ಆ ಹಳ್ಳಕ್ಕೇ ಬರೋದು. ತೋಟದ ಕೆಲಸಗಾರರಿಗೆ ಮಾಲೀಕರೇ ವಸತಿ ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ವಸತಿ ಕೊಟ್ಟರು. ಎಲ್ಲಿ ಕೊಡಬೇಕು ಅಂತ ಗುಡ್ಡ ಹೇಳಿತು, ಜಾತಿ ಹೇಳಿತು. ಹಾಗಾಗಿ ಎದ್ದು ನಿಂತ ಊರು ನನಗೆ ಹೊಸದಲ್ಲ. ಅದರ ತಳದಲ್ಲೇ ನಾನು ಅಂಬೆಗಾಲಿಕ್ಕಿದ್ದು.

ಇದೇ ತೋಟದಲ್ಲಿ ಇನ್ನೊಂದು ಎದ್ದು ನಿಂತ ಊರಿದೆ, ಅದನ್ನೂ ಹೇಳಬೇಕು. ಮೇಲೆ ಅತ್ತಿ, ಬಸರಿ, ಸಿಲ್ವರ್ ಓಕು. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನೆರಳಲ್ಲಿ ಕಾಫಿ. ತಂಪು ಜಾಗದಲ್ಲಿ ಏಲಕ್ಕಿ. ಬುಡದಲ್ಲಿ ಉದುರಿದೆಲೆ, ಅದರೊಳಗೆ ಎರೆಹುಳ. ಮೇಲಿನ ಮರ ಎಲೆ ಉದುರಿಸಿದರೆ ಕೆಳಗಿನ ಗಿಡಕ್ಕೆ ಗೊಬ್ಬರ. ಕೆಳಗಿನ ಮಣ್ಣು ಹಸಿಯಾಗಿದ್ದರೆ ಮೇಲಿನ ಮರಕ್ಕೆ ನೀರು. ಗೆಳೆಯ ತನ್ನ ನಕ್ಷೆಗೆ ಇದೇ ಸ್ಫೂರ್ತಿ ಅಂದ. ನಿಜ ಇರಬಹುದು. ಆದರೆ ಆ ಮರಕ್ಕೆ ಏಣಿ ಹಾಕಿ ಮರಗಸಿ ಮಾಡೋನು ನನ್ನಪ್ಪ. ಮರ ತಾನೇ ಹದವಾಗಿ ನೆರಳು ಕೊಡೋದಿಲ್ಲ. ಯಾರೋ ಜೀವ ಕೈಯಲ್ಲಿ ಹಿಡಿದು ಹತ್ತಿ ಕೊಂಬೆ ಕಡಿದರೆ ಮಾತ್ರ ಕೊಡುತ್ತೆ. ಇಟಲಿಯ ಮಿಲಾನಿನಲ್ಲಿ 2014ರಲ್ಲಿ ಎರಡು ಗೋಪುರ ಎದ್ದವು, ಬಾಲ್ಕನಿಗಳ ತುಂಬಾ ಮರ. 'ನಿಂತ ಕಾಡು' ಅಂತ ಲೋಕವೆಲ್ಲ ಹೊಗಳಿತು. ಆ ಮರಗಳನ್ನು ಸವರಲು ಹಗ್ಗ ಕಟ್ಟಿಕೊಂಡು ನೆತ್ತಿಯಿಂದ ಕೆಳಗೆ ಜೋತಾಡುವ ಮಾಲಿಗಳಿದ್ದಾರೆ. ಅವರಿಗೆ ಸುರಕ್ಷತೆಯ ಪಟ್ಟಿ ಇದೆ, ತರಬೇತಿ ಇದೆ. ನನ್ನಪ್ಪನಿಗೆ ಒಂದು ಏಣಿ, ಒಂದು ಕತ್ತಿ. ಹಸಿರು ಅನ್ನೋದು ಎಲ್ಲಿ ಕಂಡರೂ ಅದರ ಹಿಂದೆ ಒಂದು ಕೈ ಇದೆಯಾ ಅಂತ ಹುಡುಕೋದು ನನ್ನ ಚಟವಾಗಿದೆ.

ಇಷ್ಟು ಓದಿ, ಇವನು ಎತ್ತರದ ಕಟ್ಟಡಕ್ಕೆ ವಿರೋಧಿ, ಹಳ್ಳಿಯ ಮಣ್ಣಿನ ಮನೆಯೇ ಸ್ವರ್ಗ ಅನ್ನೋನು ಅಂತ ಯಾರೂ ತಿಳಿಯಬೇಡಿ. ಹಳ್ಳಿಯ ಹಾಡು ಹಾಡುವವರು ಊರೊಳಗೆ ಹುಟ್ಟಿದವರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಮುಖವಾಡ ಕಳಚಿ, ಅದು ಸಣ್ಣತನದ, ಅಜ್ಞಾನದ, ಕೋಮುವಾದದ ಗುಂಡಿ ಅಂತ ಹೇಳಿದರು. ನಮಗೆ ಪಟ್ಟಣ ಬೇಕು. ಹೆಸರು ಕೇಳಿ ಜಾತಿ ಹುಡುಕುವುದಕ್ಕೆ ಪುರುಸೊತ್ತಿಲ್ಲದ ಜನಜಂಗುಳಿ ಬೇಕು.

ಎತ್ತರಕ್ಕೂ ಅದರದೇ ಒಂದು ನ್ಯಾಯವಿದೆ. ಸಕಲೇಶಪುರದ ಗುಡ್ಡಗಳ ನೆತ್ತಿಯನ್ನು ರೆಸಾರ್ಟು, ಹೋಂಸ್ಟೇಗಳು ಬೋಳಿಸುತ್ತಿರುವುದು ಕಣ್ಣೆದುರಿಗಿದೆ. ಆನೆಗಳಿಗೆ ದಾರಿಯಿಲ್ಲದೆ ಅವು ಲೈನಿನ ಬಾಗಿಲಿಗೆ ಬರುತ್ತವೆ, ಬಂಗಲೆಯ ಬಾಗಿಲಿಗಲ್ಲ. ಬೆಳಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವವರು ನಮ್ಮವರು. ನೂರು ಎಕರೆಯಲ್ಲಿ ಹರಡುವ ಜನ ಐದು ಎಕರೆಯಲ್ಲಿ ನಿಂತರೆ ಉಳಿದದ್ದು ಕಾಡಿಗೆ, ಗದ್ದೆಗೆ ಉಳಿದೀತು. ಈ ಮಾತು ಸುಳ್ಳಲ್ಲ.

ಇನ್ನೊಂದು ಗುಣ ಯಾವ ನಕ್ಷೆಯಲ್ಲೂ ಬರೆದಿರೋದಿಲ್ಲ. ಲಿಫ್ಟು ಅನ್ನುವ ಯಂತ್ರವನ್ನೇ ನೋಡಿ. ಐದಡಿ ಅಗಲದ ಪೆಟ್ಟಿಗೆ. ಬಾಗಿಲು ಮುಚ್ಚಿದರೆ ಒಬ್ಬರ ಉಸಿರು ಇನ್ನೊಬ್ಬರಿಗೆ. ಹಳ್ಳಿಯ ಬೀದಿಯಲ್ಲಿ ಮೈಲಿಗೆಗೆ ದೂರ ಸರಿದು ನಿಲ್ಲಲು ಜಾಗ ಇತ್ತು. ಲಿಫ್ಟಿನಲ್ಲಿ ಎಲ್ಲಿಗೆ ಸರಿಯುತ್ತೀರಿ? ಮನುವಿಗೆ ಲಿಫ್ಟು ಗೊತ್ತಿದ್ದರೆ ಅದನ್ನು ಮೊದಲು ನಿಷೇಧಿಸುತ್ತಿದ್ದ. ಅಸ್ಪೃಶ್ಯತೆಯನ್ನು ಮುರಿಯುವ ಯಂತ್ರ ಅದು. ಅದಕ್ಕೇ ಎರಡನೇ ಲಿಫ್ಟು ಹುಟ್ಟಿತು.

ಈ ಎರಡನೇ ಲಿಫ್ಟನ್ನು ನಾನು ಕಂಡದ್ದು ಬೆಂಗಳೂರಿನಲ್ಲಿ, ಚಿಕ್ಕಪ್ಪನಿಂದಾಗಿ. ಅಲ್ಲಿಗೆ ಹೋಗುವ ಮೊದಲು ನೀರಿನ ದಾರಿ ಹೇಳುತ್ತೇನೆ. ಯಾಕೆಂದರೆ ನಮ್ಮವರು ಹೋದದ್ದೂ ಅದೇ ದಿಕ್ಕಿಗೆ. ಹೇಮಾವತಿ ನಮ್ಮ ಸಕಲೇಶಪುರದ ಮಗ್ಗುಲಲ್ಲೇ ಹರಿದು, ಗೊರೂರಿನ ಅಣೆಕಟ್ಟು ದಾಟಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿ ಸೇರುತ್ತಾಳೆ. ಆ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪು ಹೊಡೆದು ಬೆಂಗಳೂರಿಗೆ ತಲುಪಿಸುತ್ತಾರೆ. ಅಲ್ಲಿಂದ ಮತ್ತೆ ಪಂಪು, ಮೂವತ್ತನೇ ಅಂತಸ್ತಿನ ಬಚ್ಚಲಿಗೆ. ನಮ್ಮ ಗುಡ್ಡದಲ್ಲಿ ಬಿದ್ದ ಹನಿಗೆ ಮೂವತ್ತನೇ ಅಂತಸ್ತಿಗೆ ಹೋಗಲು ಅಡ್ಡಿಯಿಲ್ಲ. ನೀರಿಗೆ ಜಾತಿ ಕೇಳೋದಿಲ್ಲ, ಮುಟ್ಟುವ ಕೈಗೆ ಕೇಳುತ್ತಾರೆ.

ಚಿಕ್ಕಪ್ಪ ಆ ಹೊತ್ತಿಗೆ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣದ ಘಟಕದಲ್ಲಿ ಕೆಲಸಕ್ಕಿದ್ದರು. ನೆಲದಡಿಯ ಎರಡನೇ ಅಂತಸ್ತಿನಲ್ಲಿ. ನಾನು ಬಿ.ಎ. ಮುಗಿಸಿ ಕೆಲಸ ಹುಡುಕಲು ಹೋದವನು, ಅವರ ಪರಿಚಯದ ಒಬ್ಬರನ್ನು ಹದಿನಾಲ್ಕನೇ ಅಂತಸ್ತಿನಲ್ಲಿ ಕಾಣಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಂಕಪಟ್ಟಿ. ಲಿಫ್ಟಿನ ಮುಂದೆ ನಿಂತೆ. ಕಾವಲಿನವನು ನಮ್ಮಂಥವನೇ, ಬಡವ. ನನ್ನ ಪಕ್ಕ ಇದ್ದ ಚಿಕ್ಕಪ್ಪನ ನೀಲಿ ಅಂಗಿ ನೋಡಿ, "ಆ ಕಡೆ ಲಿಫ್ಟು" ಅಂತ ಕೈ ತೋರಿಸಿದ. ಮನೆಗೆಲಸದವರು, ಡೆಲಿವರಿ ಹುಡುಗರು, ಕಸ, ಸಾಮಾನು, ನಾಯಿ, ಎಲ್ಲಕ್ಕೂ ಆ ಕಡೆ ಲಿಫ್ಟು ಅಂತ ಗೋಡೆಯ ಮೇಲೆ ಅಂಟಿಸಿದ್ದರು. ಚಿಕ್ಕಪ್ಪ ಏನೂ ಆಗದವರ ಹಾಗೆ ಆ ಕಡೆ ನಡೆದರು. ನಾನೂ ಹಿಂದೆ ಹೋದೆ. ಹೋಗಬಾರದಿತ್ತು. ಹೋದೆ. ಆ ಹದಿನಾಲ್ಕು ಅಂತಸ್ತು ಏರುವಷ್ಟರಲ್ಲಿ ನಾನು ಹುಟ್ಟಿದ ಲೈನಿಗೆ ವಾಪಸು ಬಂದಿದ್ದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಎತ್ತರಕ್ಕೆ ಸ್ವಂತ ಮರ್ಯಾದೆ ಇಲ್ಲ. ಹಳೆಯ ರೋಮ್ ಪಟ್ಟಣದ ಬಾಡಿಗೆ ಕಟ್ಟಡಗಳಲ್ಲಿ ತೀರಾ ಮೇಲಿನ ಅಂತಸ್ತು ಬಡವರದು. ಪ್ಯಾರಿಸಿನಲ್ಲಿ ಸೂರಿನಡಿಯ ಗೂಡುಗಳು ಮನೆಗೆಲಸದವರವು, ಅವರಿಗೆ ಹಿಂಬದಿಯ ಬೇರೆ ಮೆಟ್ಟಿಲು. ಯಾಕೆ? ನೀರು ಹೊತ್ತು ಹತ್ತಬೇಕಲ್ಲ, ಹತ್ತುವವರು ಬಡವರೇ. 1857ರಲ್ಲಿ ನ್ಯೂಯಾರ್ಕಿನಲ್ಲಿ ಎಲಿಶಾ ಓಟಿಸನ ಕಂಪನಿ ಜನ ಹತ್ತುವ ಲಿಫ್ಟು ಕೂರಿಸಿತು. ಮುಂದೆ ಲಿಫ್ಟು ಹರಡಿದ ಹಾಗೆ ಸಿರಿವಂತರು ಮೇಲಕ್ಕೆ ಹೋದರು, ಬಡವರು ಕೆಳಕ್ಕೆ ಬಂದರು. ಮೇಲು ಕೀಳು ಅನ್ನೋದು ಮಹಡಿಯಲ್ಲಿಲ್ಲ. ಹತ್ತುವ ಯಂತ್ರ ಯಾರ ಕೈಯಲ್ಲಿದೆ ಅನ್ನೋದರಲ್ಲಿದೆ. ಜಾತಿಯೂ ಹಾಗೇ. ಅದು ಪ್ರಕೃತಿಯಲ್ಲ, ಕಟ್ಟಿದ್ದು. ಕಟ್ಟಿದ್ದನ್ನು ಕೆಡವಬಹುದು.

ನಮ್ಮ ನಾಡಿನ ಎತ್ತರದ ಚರಿತ್ರೆಯನ್ನೂ ಒಮ್ಮೆ ನೋಡೋಣ. 1973ರಲ್ಲಿ ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯಲ್ಲಿ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗು ಎದ್ದಿತು. ನೂರು ಮೀಟರಿಗೂ ಮಿಕ್ಕಿದ ಎತ್ತರ. ಕೆಳಗೆ ಅಂಗಡಿ, ಮೇಲೆ ಕಚೇರಿ. ಹೆಸರಿನಲ್ಲೇ ಸಾರ್ವಜನಿಕ ಅಂತ ಇತ್ತು. ಅದೇ 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು ಅಂತ ನಾಡೆಲ್ಲ ಬೆಂಕಿ ಎದ್ದು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡುತ್ತಿದ್ದ ಅವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. ಒಂದೇ ವರ್ಷ ಒಂದೇ ನಾಡು 25 ಅಂತಸ್ತು ಮೇಲೇರಿತು. ತಲೆಯ ಮೇಲಿನ ಮಲದ ಬುಟ್ಟಿ ಇಳಿಸಿದ ಮನುಷ್ಯನನ್ನು ಕೆಳಗಿಳಿಸಿತು. ಬೂಸಾ ಗಲಾಟೆಯ ಆ ಬೆಂಕಿಯಿಂದಲೇ ದಲಿತ ಚಳವಳಿ ಎದ್ದು ನಿಂತದ್ದು. ಅದೂ ಒಂದು ಎತ್ತರವೇ. ಅದಕ್ಕೆ ಯಾರೂ ಲಿಫ್ಟು ಹಾಕಿಕೊಡಲಿಲ್ಲ.

ಅಂಗಡಿ, ಕಚೇರಿ, ಮನೆ ಕೂಡಿದ ಕಟ್ಟಡಕ್ಕೆ ಮಿಶ್ರ ಬಳಕೆ ಅನ್ನುತ್ತಾರೆ. ಬಳಕೆ ಮಿಶ್ರವಾಗುತ್ತೆ. ಜನ ಮಿಶ್ರವಾಗುತ್ತಾರಾ? ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆಂದು ಪಾಲಿಕೆಯ ವಸತಿ ಕಟ್ಟಡಗಳಿದ್ದವು. ಅವು ಬಾಳಿಕೆ ಬರಲಿಲ್ಲ, 2007ರಲ್ಲಿ ಒಂದು ಕಟ್ಟಡ ಕುಸಿಯಿತು. ಜನ ಅದೇ ನೆಲದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಉಳಿದರು. ಆಮೇಲೆ ಖಾಸಗಿ ಸಂಸ್ಥೆಯೊಂದರ ಜೊತೆ ಒಪ್ಪಂದವಾಯಿತು: ನೆಲದ ಒಂದು ಪಾಲಿನಲ್ಲಿ ಬಡವರ ಮನೆ, ಇನ್ನೊಂದು ಪಾಲಿನಲ್ಲಿ ಮಾಲು. 2013ರ ಜನವರಿಯ ಚಳಿಯಲ್ಲಿ ಪೊಲೀಸರ ಕಾವಲಿನಲ್ಲಿ ಶೆಡ್ಡುಗಳನ್ನು ಕೆಡವಿದರು. ಸುಮಾರು 1500 ಕುಟುಂಬ, ಬಹುಪಾಲು ದಲಿತರು, ಮುಸ್ಲಿಮರು, ಕ್ರೈಸ್ತರು. ಅದಕ್ಕೂ ಮೊದಲು, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಜನರ ಮನೆಗಳಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಹೊರಟಾಗ, ಅವರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಊರಿನ ಮಲವನ್ನು ಊರಿಗೇ ತೋರಿಸಿದರು. ಹೊಸ ಕಟ್ಟಡದ ಬುಡದಲ್ಲಿ ಯಾರ ಮನೆ ಇತ್ತು ಅನ್ನೋದು ಅದರ ಅಡಿಪಾಯದ ಪ್ರಶ್ನೆ. ಯಾವ ಇಂಜಿನಿಯರೂ ಆ ಮಣ್ಣನ್ನು ಪರೀಕ್ಷೆ ಮಾಡೋದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. 2014ರಲ್ಲಿ ನ್ಯೂಯಾರ್ಕಿನ ಒಂದು ಗೋಪುರದಲ್ಲಿ ಸಿರಿವಂತರಿಗೆ ಮುಂದಿನ ಬಾಗಿಲು, ಕಡಿಮೆ ಬಾಡಿಗೆಯವರಿಗೆ ಪಕ್ಕದ ಬಾಗಿಲು ಅಂತ ಗೊತ್ತಾಗಿ ಗಲಾಟೆಯಾಯಿತು. ಜನ ಅದನ್ನು 'ಬಡವರ ಬಾಗಿಲು' ಅಂದರು. ಲಂಡನ್ನಿನಲ್ಲೂ ಅಂಥವು ಇದ್ದವು. ಮರುವರ್ಷ ನ್ಯೂಯಾರ್ಕಿನಲ್ಲಿ, ತೆರಿಗೆ ರಿಯಾಯಿತಿ ಪಡೆಯುವ ಕಟ್ಟಡಗಳಿಗೆ ಹೀಗೆ ಬಾಗಿಲು ಬೇರೆ ಮಾಡಬಾರದು ಅಂತ ಕಾನೂನು ಬಂತು. ಅಲ್ಲಿ ಬಾಗಿಲು ಬೇರೆಯಾದರೆ ಅದು ಸುದ್ದಿಯಾಗುತ್ತದೆ. ಇಲ್ಲಿ ಲಿಫ್ಟು ಬೇರೆಯಾದರೆ ಅದು ಸೌಕರ್ಯಗಳ ಪಟ್ಟಿಯಲ್ಲಿ ಬರುತ್ತದೆ.

ಸಿಂಗಪುರದವರು ಬೇರೆ ದಾರಿ ಹಿಡಿದರು. ಅಲ್ಲಿ ಬಹುಪಾಲು ಜನ ಸರ್ಕಾರ ಕಟ್ಟಿದ ಎತ್ತರದ ಮನೆಗಳಲ್ಲೇ ಇದ್ದಾರೆ. 2009ರಲ್ಲಿ ಮುಗಿದ ಪಿನಾಕಲ್ ಅನ್ನುವ ಏಳು ಗೋಪುರಗಳು ಐವತ್ತು ಅಂತಸ್ತಿನವು, 1848 ಮನೆ. 26ನೇ ಅಂತಸ್ತಿನಲ್ಲಿ ಮತ್ತು ನೆತ್ತಿಯಲ್ಲಿ ಗೋಪುರದಿಂದ ಗೋಪುರಕ್ಕೆ ತೋಟದ ಸೇತುವೆ. ಅದಕ್ಕಿಂತ ಮುಖ್ಯ, 1989ರಲ್ಲಿ ಅವರು ಒಂದು ನಿಯಮ ತಂದರು. ಚೀನೀಯರು, ಮಲಯರು, ಭಾರತೀಯರು ಒಂದೊಂದು ಕಟ್ಟಡದಲ್ಲಿ ಇಷ್ಟಕ್ಕಿಂತ ಹೆಚ್ಚಾಗಬಾರದು ಅಂತ ಮಿತಿ. ಒಂದೇ ಜನಾಂಗದ ಕೇರಿ ಆಗಬಾರದು ಅಂತ. ಅಂದರೆ ಯಾರ ಪಕ್ಕ ಯಾರು ಅನ್ನೋದೂ ವಿನ್ಯಾಸವೇ, ಅದನ್ನೂ ಬರೆಯಬಹುದು, ಅದಕ್ಕೂ ಕಾನೂನು ಮಾಡಬಹುದು. ಆದರೆ ಅದನ್ನೂ ಸ್ವರ್ಗ ಅನ್ನಲಾರೆ. ಆ ಗೋಪುರಗಳಂಥವನ್ನು ಕಟ್ಟುವ ಕೂಲಿಗಳು ಹೊರದೇಶದವರು, ಅವರಲ್ಲಿ ನಮ್ಮ ದೇಶದವರೂ ಇದ್ದಾರೆ. ಬಹಳಷ್ಟು ಮಂದಿ ಇರೋದು ದೂರದ ಡಾರ್ಮಿಟರಿಗಳಲ್ಲಿ, ಒಂದು ಕೋಣೆಗೆ ಹತ್ತಾರು ಜನ. 2020ರ ಕೊರೋನಾ ಕಾಲದಲ್ಲಿ ಆ ದೇಶದಲ್ಲಿ ರೋಗ ಹೆಚ್ಚು ಹರಡಿದ್ದು ಅಲ್ಲೇ. ಕೇರಿ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತೆ, ಅದನ್ನು ಹುಡುಕಿ ನಕ್ಷೆಯೊಳಗೆ ತರದಿದ್ದರೆ.

ಈಗ ಸುಸ್ಥಿರ ಅನ್ನುವ ಪದಕ್ಕೆ ಬರುತ್ತೇನೆ. ಗೆಳೆಯನ ನಕ್ಷೆಯ ತಲೆಯ ಮೇಲೆ ಅದನ್ನೇ ದಪ್ಪಕ್ಷರದಲ್ಲಿ ಬರೆದಿತ್ತು. ಚೆನ್ನಾಗಿ ಸ್ಥಿರವಾಗಿರೋದು. ಈ ದೇಶದಲ್ಲಿ ಜಾತಿಗಿಂತ ಸುಸ್ಥಿರವಾದದ್ದು ಏನಿದೆ? ಅದು ಸಾವಿರಾರು ವರ್ಷ ನಿಂತಿದೆ. ಏನನ್ನೂ ಹಾಳು ಮಾಡದೆ ಎಲ್ಲವನ್ನೂ ಮರುಬಳಕೆ ಮಾಡುತ್ತೆ. ಅಪ್ಪನ ಪೊರಕೆ ಮಗನ ಕೈಗೆ. ಸ್ಥಿರವಾದದ್ದೆಲ್ಲ ಒಳ್ಳೆಯದಲ್ಲ. ಕಲ್ಯಾಣದ ಶರಣರು ಸ್ಥಾವರಕ್ಕಿಂತ ಜಂಗಮ ದೊಡ್ಡದು ಅಂದದ್ದು ಇದಕ್ಕೇ ಇರಬೇಕು. ಒಂದು ಗೋಪುರದಲ್ಲಿ ಜಂಗಮ ಯಾವುದು? ಗೋಡೆಯಲ್ಲ, ಕಂಬವಲ್ಲ. ಮೆಟ್ಟಿಲು. ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಾರಿ.

ಬರೀ ಕರೆಂಟಿನ ಲೆಕ್ಕದಲ್ಲೂ ಎತ್ತರ ಅಷ್ಟು ಸಾಚಾ ಅಲ್ಲ. ಲಂಡನ್ನಿನ ವಿಶ್ವವಿದ್ಯಾಲಯವೊಂದರವರು 2017ರಲ್ಲಿ ಅಳೆದು ನೋಡಿದಾಗ, ಇಪ್ಪತ್ತು ಅಂತಸ್ತು ಮೀರಿದ ಕಚೇರಿಗಳು ಆರು ಅಂತಸ್ತಿನೊಳಗಿನ ಕಚೇರಿಗಳಿಗಿಂತ, ಅಷ್ಟೇ ನೆಲಕ್ಕೆ, ಸುಮಾರು ಎರಡೂವರೆ ಪಟ್ಟು ವಿದ್ಯುತ್ತು ತಿನ್ನುತ್ತಿದ್ದವು. ಸಿಮೆಂಟು ಸುಡುವ ಹೊಗೆಯ ಲೆಕ್ಕ ಬೇರೆ. ಇದನ್ನು ಗೆಳೆಯ ನನಗಿಂತ ಚೆನ್ನಾಗಿ ಬಲ್ಲ, ಉಪಾಯವನ್ನೂ ಮಾಡಿದ್ದಾನೆ. ನಾನು ಕೇಳುವ ಲೆಕ್ಕ ನೆಲದಡಿಯದು. ಬಚ್ಚಲ ನೀರನ್ನು ಕಟ್ಟಡದಲ್ಲೇ ಶುದ್ಧ ಮಾಡೋದು ಒಳ್ಳೆಯದು, ಹೇಮಾವತಿಗೆ ಅಷ್ಟು ಹೊರೆ ಕಡಿಮೆ. ಆದರೆ ಆ ತೊಟ್ಟಿ ಕಟ್ಟಿಕೊಂಡಾಗ ಒಳಗೆ ಇಳಿಯೋನು ಯಾರು? 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಅಂಥ ಘಟಕದಲ್ಲಿ ಮೂವರು ಸತ್ತರು. ಮಲ ಬಾಚಿಸಬಾರದು ಅಂತ 1993ರಲ್ಲಿ ಒಂದು ಕಾನೂನು, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸಬಾರದು ಅಂತ 2013ರಲ್ಲಿ ಇನ್ನೊಂದು. ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಸಾವಿನ ಬೆಲೆ ಏರುತ್ತಿದೆ. ಗುಂಡಿಯ ಬಾಯಿ ಮುಚ್ಚುತ್ತಿಲ್ಲ.

ಹಾಗಾದರೆ ಹೇಗೆ ಕಟ್ಟಬೇಕು? ನಾನು ಇಂಜಿನಿಯರಲ್ಲ. ಆದರೂ ಗೆಳೆಯನ ಮುಂದೆ ಇಷ್ಟು ಇಟ್ಟೆ. ನಕ್ಷೆಯನ್ನು ನೆತ್ತಿಯಿಂದ ಶುರು ಮಾಡಬೇಡ, ಗುಂಡಿಯಿಂದ ಶುರು ಮಾಡು. ಮನುಷ್ಯ ಇಳಿಯಲೇಬೇಕಾದ ಗುಂಡಿ ನಿನ್ನ ಕಟ್ಟಡದಲ್ಲಿ ಒಂದೂ ಇರಬಾರದು. ಕೆಟ್ಟರೆ ನೆಲದ ಮೇಲೆ ನಿಂತೇ ಯಂತ್ರದಿಂದ ಸರಿಮಾಡುವ ಹಾಗಿರಲಿ. ಭಾರದ ಸಾಮಾನಿಗೆ ಬೇಕಾದರೆ ಬೇರೆ ಲಿಫ್ಟು ಇರಲಿ, ಮನುಷ್ಯರಿಗೆ ಎಲ್ಲ ಲಿಫ್ಟೂ ಒಂದೇ. ಕಟ್ಟಡವನ್ನು ನಡೆಸುವ ಜಲಗಾರ, ಕಾವಲಿನವ, ಆಯಾ, ಮಾಲಿ, ಇವರಿಗೆಲ್ಲ ಅದೇ ಕಟ್ಟಡದಲ್ಲಿ ಮನೆ. ತಳದಲ್ಲಿ ಒಂದೇ ಕಡೆಯಲ್ಲ, ಚೀಟಿ ಎತ್ತಿ, ಎಲ್ಲ ಅಂತಸ್ತಿನಲ್ಲೂ. ಶಾಲೆ ಒಂದೇ. ಮೆಟ್ಟಿಲು ಅಗಲ ಇರಲಿ, ಬೆಳಕು ಬರಲಿ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರಿಗೆ ಬೆಂಕಿ ಬಿದ್ದಾಗ ಒಂಬತ್ತು ಜನ ಸತ್ತರು. ಹೊಗೆಗೆ ಉಸಿರುಕಟ್ಟಿ ಕಿಟಕಿಯಿಂದ ಹಾರಿದವರಿದ್ದರು. ಇಳಿಯುವ ದಾರಿ ಸರಿಯಿಲ್ಲದ ಗೋಪುರ ಒಂದು ದಿನ ಮೇಲಿನವರನ್ನೂ ಸುಡುತ್ತದೆ. ಬಾಬಾಸಾಹೇಬರ ಮಾತು ಮೇಲಿನ ಮಹಡಿಯವರಿಗೂ ಹೇಳಿದ್ದು.

ಗೆಳೆಯ ಕೇಳಿಸಿಕೊಂಡ. "ನೀನು ಹೇಳಿದ ಹಾಗೆ ಕಟ್ಟಿದರೆ ಮನೆ ಕೊಳ್ಳೋರು ಯಾರು ಮಾರಾಯ? ಪಕ್ಕದ ಬಾಗಿಲಲ್ಲಿ ಕೆಲಸದವರು ಅಂದರೆ ಒಬ್ಬನೂ ದುಡ್ಡು ಕಟ್ಟಲ್ಲ" ಅಂದ. ಅವನ ಮಾತು ನಿಜ. ಆದರೆ ಆ ನಿಜವನ್ನು ಒಪ್ಪಿದ ಕ್ಷಣ ಕಟ್ಟಡದ ವಿನ್ಯಾಸ ಮಾಡಿದವನು ಅವನಲ್ಲ ಅಂತಾಯಿತು. ಜಾತಿ ಮಾಡಿತು. ಅವನು ಅದಕ್ಕೆ ಗಾಜು ಹಾಕಿದ. ಇದಕ್ಕೆ ನನ್ನ ಹತ್ತಿರವೂ ಸುಲಭದ ಉತ್ತರ ಇಲ್ಲ. ಮಾರುಕಟ್ಟೆಗೆ ಬಿಟ್ಟರೆ ಇದು ಆಗೋದಿಲ್ಲ. ಸರ್ಕಾರದ ನೆಲ, ಸರ್ಕಾರದ ಕಾನೂನು, ಅದಕ್ಕಿಂತ ಹೆಚ್ಚಾಗಿ ಬೀದಿಗಿಳಿದ ಜನ ಬೇಕು. ಮೀಸಲಾತಿ ಬಂದಾಗಲೂ ಇಂಥದ್ದೇ ಮಾತು ಕೇಳಿಬಂದಿತ್ತು. ಆದರೂ ನಾನು ಬೆಂಚಿನಲ್ಲಿ ಅವನ ಪಕ್ಕ ಕೂತೆ. ಶಾಲೆಯ ಬೆಂಚಿನಲ್ಲಿ ಆದದ್ದು ಕಟ್ಟಡದಲ್ಲಿ ಯಾಕಾಗಬಾರದು?

ಸಂಜೆ ನಕ್ಷೆಯನ್ನು ಲೈನಿಗೆ ತಂದೆವು. ಅವ್ವ ಕಾಫಿ ಹಣ್ಣು ಕುಯ್ದು ಬಂದು ಜಗಲಿಯಲ್ಲಿ ಕೂತಿದ್ದಳು. ಗೆಳೆಯ ಪ್ರೀತಿಯಿಂದಲೇ ಬಿಡಿಸಿ ತೋರಿಸಿದ. ಇಲ್ಲಿ ಅಂಗಡಿ, ಇಲ್ಲಿ ಆಸ್ಪತ್ರೆ, ಇಲ್ಲಿ ಮನೆ ಅಂತ. ಅವ್ವ ಬೆರಳಿಟ್ಟು ನೋಡಿದಳು. "ಕೋಳಿ ಎಲ್ ಬುಡ್ತಾರಪ್ಪ?" ಅಂದಳು. ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಷ್ಟ್ ಎತ್ತರದಲ್ಲಿ ಯಾರಾದ್ರೂ ಸತ್ರೆ ಹೆಣ ಹೆಂಗ್ ಇಳುಸ್ತಾರೆ?"

ಗೆಳೆಯನಿಗೆ ಉತ್ತರ ಗೊತ್ತಿತ್ತು. "ಸರ್ವಿಸ್ ಲಿಫ್ಟಿನಲ್ಲಿ ಅವ್ವ. ಸ್ಟ್ರೆಚರು ಅದರಲ್ಲೇ ಹಿಡಿಸೋದು."

ಅಂದಮೇಲೆ ನಲವತ್ತನೇ ಅಂತಸ್ತಿನ ಸಾಹುಕಾರನೂ ಕೊನೆಗೆ ನಮ್ಮ ಲಿಫ್ಟಿನಲ್ಲೇ ಇಳಿಯಬೇಕು. ಕಸದ ಜೊತೆ, ನನ್ನ ಚಿಕ್ಕಪ್ಪನ ಜೊತೆ. ಗೆಳೆಯನ ಮುಖ ಸಣ್ಣಗಾಯಿತು. ಅವನಿಗೆ ಅರ್ಥವಾಗಿತ್ತು. ನಾನು ಏನೂ ಹೇಳಲಿಲ್ಲ.

ಅವನು ಕೇಳಿದ ನಾಲ್ಕು ಸಾಲು ನಾನು ಬರೆದುಕೊಡಲಿಲ್ಲ. ಇಷ್ಟು ಬರೆದೆ. ಹೆಣವಾದ ಮೇಲೆ ಒಂದೇ ಲಿಫ್ಟಿನಲ್ಲಿ ಇಳಿಯಲು ಒಪ್ಪುವವರು ಬದುಕಿರುವಾಗ ಒಂದೇ ಲಿಫ್ಟಿನಲ್ಲಿ ಹತ್ತಲು ಒಪ್ಪಬೇಕು. ಒಪ್ಪುವವರೆಗೆ ಅದು ಎಷ್ಟು ಹಸಿರಾಗಿದ್ದರೂ, ಎಷ್ಟು ಎತ್ತರವಾಗಿದ್ದರೂ, 1920ರಲ್ಲಿ ಬಾಬಾಸಾಹೇಬರು ಕಂಡ ಅದೇ ಗೋಪುರ. ನಮ್ಮವರು ಅದನ್ನು ಕಟ್ಟುತ್ತಾರೆ, ಗುಡಿಸುತ್ತಾರೆ, ಅದರ ಗುಂಡಿಯಲ್ಲಿ ಸಾಯುತ್ತಾರೆ. ಇನ್ನು ಮುಂದೆ ನಕ್ಷೆ ಬರೆಯುವ ಮೇಜಿನ ಸುತ್ತಲೂ ನಾವು ಕೂರಬೇಕು. ಸೀಸದ ಕಡ್ಡಿ ನಮ್ಮ ಕೈಗೂ ಬರಬೇಕು. ಮೊದಲು ಬರೆಯಬೇಕಾದದ್ದು ಮೆಟ್ಟಿಲು.